ಕತೆಯೊಳಗೆ ಕುಳಿತು ಕೇಳುವವರು

ಆತ್ಮೀಯ ಕೇಳುಗರೇ, ನಮಸ್ಕಾರ.

ಕತೆ ಬರೆಯಲು ಕುಳಿತವರು ಮೊದಲು ಯೋಚಿಸುವುದು ಅದನ್ನು ಯಾರ ಬಾಯಿಂದ ಹೇಳಿಸಬೇಕು ಎಂದು. 'ನಾನು' ಎಂದು ಆರಂಭಿಸಬೇಕೇ, 'ಅವಳು' ಎನ್ನಬೇಕೇ? ಎಲ್ಲವನ್ನೂ ಬಲ್ಲ ನಿರೂಪಕ ಇರಲೇ, ಅರ್ಧ ಮಾತ್ರ ಬಲ್ಲವನು ಸಾಕೇ? ಕಥಾ ಕಮ್ಮಟಗಳಲ್ಲೂ ಮೊದಲ ದಿನದ ಪಾಠ ಹೆಚ್ಚಾಗಿ ಇದೇ. ಆದರೆ ಅದಕ್ಕಿಂತ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೊಂದಿದೆ ಎಂದು ನಾನು ನಂಬಿದ್ದೇನೆ. ಈ ಕತೆಯನ್ನು ಕೇಳುತ್ತಿರುವವರು ಯಾರು? ಪುಸ್ತಕ ಕೊಂಡು ಓದುವವರ ಮಾತಲ್ಲ ಇದು, ಕತೆಯ ಒಳಗೇ ಕುಳಿತು ಕೇಳುವವರ ಮಾತು. ಅವರು ಯಾರೆಂದು ಗೊತ್ತಾದರೆ ಏನನ್ನು ಹೇಳಬೇಕು, ಏನನ್ನು ಬಿಡಬೇಕು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಇದನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಕಾರ್ಕಳದ ಕಡೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಲಕ್ಷ್ಮೀನಾರಣಪ್ಪ 'ಮುದ್ದಣ' ಎಂಬ ಹೆಸರಿನಲ್ಲಿ 'ಶ್ರೀರಾಮಾಶ್ವಮೇಧ' ಬರೆದರು. ಅಶ್ವಮೇಧದ ಕತೆ ಹಳೆಯದು, ಎಲ್ಲರಿಗೂ ಗೊತ್ತಿದ್ದದ್ದು. ಅದರ ಮುಂದೆ ಮುದ್ದಣ ಒಬ್ಬ ಹೆಂಡತಿಯನ್ನು ತಂದು ಕೂರಿಸಿದರು. ಮಳೆಗಾಲದ ಬೇಸರ ಕಳೆಯಲು ಮನೋರಮೆ ಗಂಡನಲ್ಲಿ ಕತೆ ಕೇಳುತ್ತಾಳೆ. ಯಾವ ಕತೆ ಬೇಕು, ಪದ್ಯದಲ್ಲಿ ಬೇಕೋ ಗದ್ಯದಲ್ಲಿ ಬೇಕೋ ಎಂಬುದನ್ನೆಲ್ಲ ಅವಳೇ ತೀರ್ಮಾನಿಸುತ್ತಾಳೆ. ಗಂಡ ಪಾಂಡಿತ್ಯದ ಹುಮ್ಮಸ್ಸಿನಲ್ಲಿ ಸಂಸ್ಕೃತದ ಉದ್ದ ಸಮಾಸಗಳನ್ನು ಸುರಿಯಲು ತೊಡಗಿದರೆ, ಗಂಟಲಲ್ಲಿ ಇಳಿಯುವುದಿಲ್ಲ ಎಂದು ತಡೆಯುತ್ತಾಳೆ. ಇದನ್ನು ಗಂಡಹೆಂಡಿರ ಸರಸವೆಂದಷ್ಟೇ ಓದುವವರಿದ್ದಾರೆ. ನನಗೆ ಅದು ಕನ್ನಡ ಗದ್ಯದ ಅತ್ಯುತ್ತಮ ಕಥನ ಪಾಠಗಳಲ್ಲಿ ಒಂದು. ಮನೋರಮೆ ತಡೆದ ಕಡೆಯಲ್ಲೆಲ್ಲ ಕತೆಯ ಭಾಷೆ ಹಗುರಾಗುತ್ತದೆ, ಅವಳು ಕುತೂಹಲ ತೋರಿದ ಕಡೆ ಕತೆಗೆ ಬಿಸುಪು ಬರುತ್ತದೆ. ಹಳಗನ್ನಡದ ಹೊದಿಕೆಯೊಳಗೆ ಎರಡು ಜೀವಗಳ ಉಸಿರು ಕೇಳಿಸುವುದು ಅವಳಿಂದಾಗಿ.

ಮುದ್ದಣ ಇನ್ನೊಂದು ಉಪಾಯವನ್ನೂ ಹೂಡಿದ್ದರು. ತಾವೇ ಬರೆದದ್ದನ್ನು ಹಿಂದಿನ ಕಾಲದ ಕವಿಯೊಬ್ಬನ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದರು. ಲೇಖಕ ಬೇರೆ, ನಿರೂಪಕ ಬೇರೆ ಎಂದು ನಾವು ಇಂದು ವಿದ್ಯಾರ್ಥಿಗಳಿಗೆ ಕಷ್ಟಪಟ್ಟು ವಿವರಿಸುತ್ತೇವಲ್ಲ, ಅದನ್ನು ಅವರು ತಮ್ಮ ಹೆಸರನ್ನೇ ಮರೆಮಾಚಿ ಮಾಡಿ ತೋರಿಸಿದರು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗ ಅವರನ್ನು ಕೊಂಡೊಯ್ದಿತು. ಇನ್ನೂ ಇಪ್ಪತ್ತು ವರ್ಷ ಬದುಕಿದ್ದರೆ ಕರಾವಳಿಯ ಗದ್ಯ ಯಾವ ದಾರಿ ಹಿಡಿಯುತ್ತಿತ್ತೋ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಅದೇ ಕಾಲದಲ್ಲಿ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಅಲ್ಲಿ ಎದುರಿಗೆ ಕುಳಿತು ಕೇಳುವ ಹೆಂಡತಿ ಇಲ್ಲ. ಅಚ್ಚಿನ ಪುಸ್ತಕ ಯಾವ ಮನೆಯಲ್ಲಿ, ಯಾರ ಕೈಗೆ ಸಿಗುತ್ತದೋ ಬರೆಯುವವನಿಗೆ ತಿಳಿಯದು. ಹಾಗಾಗಿ ನಿರೂಪಕ ತಾನೇ ಎಲ್ಲವನ್ನೂ ವಿವರಿಸಬೇಕು, ತೀರ್ಪನ್ನೂ ಕೊಡಬೇಕು. ಆಗ ಒಂದೇ ಜಿಲ್ಲೆ, ಹೆಚ್ಚುಕಡಿಮೆ ಒಂದೇ ವರ್ಷಗಳು. ಒಬ್ಬರು ಕೇಳುವವಳನ್ನು ಕತೆಯ ಒಳಕ್ಕೆ ಕರೆದರು, ಇನ್ನೊಬ್ಬರು ಕಾಣದ ಸಾವಿರ ಓದುಗರ ಕಡೆಗೆ ಮುಖ ಮಾಡಿದರು. ನಮ್ಮ ಕಾದಂಬರಿ ಎರಡನೆಯ ದಾರಿಯಲ್ಲೇ ಹೆಚ್ಚು ನಡೆಯಿತು.

ಮೊದಲ ದಾರಿಯನ್ನು ಮತ್ತೆ ಹಿಡಿದವರಲ್ಲಿ ಶಿವರಾಮ ಕಾರಂತರನ್ನು ಹೆಸರಿಸಲೇಬೇಕು. 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯನ್ನು ನೆನೆಯಿರಿ. ಬಾಲ್ಯದಲ್ಲೇ ವಿಧವೆಯಾದ ಮುದುಕಿಗೆ ಸಾವಿರಾರು ವರ್ಷಗಳ ಹಿಂದಿನದ್ದೂ ಕಣ್ಣಿಗೆ ಕಟ್ಟುತ್ತದೆ. ಆದರೆ ಕತೆ ಹೇಳುವವನು ಮೊಮ್ಮಗ ಸುಬ್ಬರಾಯ. ಅಜ್ಜಿಯೇ ನೇರವಾಗಿ ಮಾತಾಡಿದ್ದರೆ ಅವಳ ದರ್ಶನಗಳು ಉಪದೇಶವಾಗುತ್ತಿದ್ದವು. ಮೊಮ್ಮಗ ಕೇಳುತ್ತಾನೆ, ಅನುಮಾನಿಸುತ್ತಾನೆ, ಕೆದಕುತ್ತಾನೆ. ಓದುಗನ ಮನಸ್ಸಿನಲ್ಲಿ ಏಳುವ ಶಂಕೆಯನ್ನು ಅವನು ಮೊದಲೇ ಆಡಿಬಿಡುವುದರಿಂದ ಅಜ್ಜಿಯ ಮಾತನ್ನು ನಾವು ತಳ್ಳಿಹಾಕದೆ ಕೇಳುತ್ತೇವೆ. ದೇವರು, ಕಾಮ, ಮದುವೆ ಎಂಬ ಬಿಸಿ ಕೆಂಡದಂತಹ ವಿಷಯಗಳನ್ನು ಕಾರಂತರು ನಮ್ಮ ಕೈಗೆ ಕೊಡಲು ಸಾಧ್ಯವಾದದ್ದು ಈ ಏರ್ಪಾಡಿನಿಂದ.

ಕೇಳುವವರಿಗೆ ಏನು ಗೊತ್ತಿದೆ ಎಂಬುದು ಇದರ ಇನ್ನೊಂದು ಮಗ್ಗುಲು. ಮಳೆಗಾಲದ ತಾಳಮದ್ದಳೆ ಕೂಟಕ್ಕೆ ಹೋಗಿದ್ದೀರಾದರೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಅದು ಕುಳಿತು ನಡೆಸುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ಕರ್ಣನ ಜನ್ಮರಹಸ್ಯವನ್ನು ಕೃಷ್ಣ ಹೊರಗೆಡಹುವ ಸಂದರ್ಭ ಬಂದಾಗ, ಆ ರಹಸ್ಯ ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಕರ್ಣನೊಬ್ಬನಿಗೆ. ಮುಂದೇನಾಗುತ್ತದೆ ಎಂಬ ಕುತೂಹಲ ಅಲ್ಲಿ ಇಲ್ಲವೇ ಇಲ್ಲ. ಆದರೂ ಜನ ಮಿಸುಕದೆ ಕೂರುತ್ತಾರೆ, ಏಕೆಂದರೆ ತಮಗೆ ತಿಳಿದಿರುವುದು ಇವನಿಗೆ ತಿಳಿಯುವ ಆ ಗಳಿಗೆಯಲ್ಲಿ ಇವನು ಏನಾಗುತ್ತಾನೆ ಎಂಬುದನ್ನು ಅವರು ನೋಡಬೇಕು. ಕೊನೆಯ ಸಾಲಿನವರೆಗೆ ಗುಟ್ಟನ್ನು ಬಚ್ಚಿಟ್ಟು ಓದುಗನನ್ನು ಬೆಚ್ಚಿಬೀಳಿಸುವುದೇ ತಂತ್ರವೆಂದು ತಿಳಿದ ಹೊಸ ಕತೆಗಾರರು ಒಂದು ರಾತ್ರಿಯಾದರೂ ಈ ಕೂಟದಲ್ಲಿ ಕೂರಬೇಕು ಎಂದು ನನ್ನ ಆಸೆ. ಗುಟ್ಟನ್ನು ಮೊದಲ ಪುಟದಲ್ಲೇ ಓದುಗನಿಗೆ ಕೊಟ್ಟು, ಪಾತ್ರದಿಂದ ಮಾತ್ರ ಮುಚ್ಚಿಟ್ಟರೆ ಹುಟ್ಟುವ ತಳಮಳ ಬಹುಕಾಲ ಉಳಿಯುತ್ತದೆ.

ಕಾಲವನ್ನು ಹಿಗ್ಗಿಸುವ, ಕುಗ್ಗಿಸುವ ವಿದ್ಯೆಯೂ ಅಲ್ಲಿಯೇ ಇದೆ. ವನವಾಸದ ವರ್ಷಗಳು ಪದ್ಯದ ಒಂದು ಸಾಲಿನಲ್ಲಿ ದಾಟಿಹೋಗುತ್ತವೆ. ಒಂದು ಪ್ರಶ್ನೆಗೆ ಉತ್ತರ ಕೊಡುವ ಮುಂಚಿನ ತೊಯ್ದಾಟ ಬಹಳ ಹೊತ್ತು ನಡೆಯುತ್ತದೆ. ಎಲ್ಲಿ ಹಿಗ್ಗಿಸಬೇಕೆಂಬುದನ್ನು ಅನುಭವಿ ಅರ್ಥಧಾರಿ ತೀರ್ಮಾನಿಸುವುದು ಎದುರು ಕುಳಿತ ಇನ್ನೊಬ್ಬ ಅರ್ಥಧಾರಿಯ ಮಾತನ್ನೂ ಸಭಿಕರ ಮುಖವನ್ನೂ ನೋಡಿ.

ತುಳುವಿನ ಕಥನಗೀತೆಗಳಾದ ಪಾಡ್ದನಗಳಲ್ಲಿ ಕೇಳುವವರ ಪ್ರಭಾವ ಇನ್ನೂ ಸ್ಪಷ್ಟ. ನೇಜಿ ನೆಡುವ ಗದ್ದೆಯಲ್ಲಿ ಹೆಂಗಸರು ದನಿಗೆ ದನಿ ಸೇರಿಸಿ ಹಾಡುವಾಗ ದೈವದ ಕತೆ 'ಅವಳು ಹೋದಳು, ಅವಳು ಕಂಡಳು' ಎಂದು ಸಾಗುತ್ತದೆ. ದೈವಕ್ಕೆ ವೇಷ ಕಟ್ಟಿ ನಡೆಸುವ ಕೋಲದ ಅಂಗಳದಲ್ಲಿ ಅದೇ ಕತೆ 'ನಾನು' ಎಂದು ತಿರುಗಿ ನಿಲ್ಲುತ್ತದೆ. ಅಲ್ಲಿ ಕೇಳುವವರು ಜೊತೆಯ ಕೆಲಸದವರಲ್ಲ, ದೈವದ ಎದುರು ಕೈಮುಗಿದು ನಿಂತ ಊರಿನವರು. ಕೇಳುವವರು ಬದಲಾದರು, ಹೇಳುವ ಪುರುಷವೇ ಬದಲಾಯಿತು.

ಈಗ ಬರೆಯುವವರಿಗಾಗಿ ಒಂದು ಉದಾಹರಣೆ ಕಟ್ಟುತ್ತೇನೆ. ತುಳುವರ ಆಟಿ ತಿಂಗಳು, ಮಳೆಗಾಲ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಸಮಯ. ಮಲ್ಪೆಯಿಂದ ಬೆಳಗ್ಗೆ ಹೊರಟ ನಾಡದೋಣಿಯೊಂದು ರಾತ್ರಿಯಾದರೂ ಬಂದಿಲ್ಲ. ಇಷ್ಟೇ ಘಟನೆ. ಇದನ್ನು ದೋಣಿಯಲ್ಲಿರುವವನ ತಾಯಿ ಹೇಳುತ್ತಾಳೆ ಎಂದಿಟ್ಟುಕೊಳ್ಳಿ. ಠಾಣೆಯ ಅಧಿಕಾರಿಗೆ ಹೇಳುವುದಾದರೆ ಅವಳು ಹೊರಟ ಹೊತ್ತು, ಜೊತೆಗಿದ್ದವರ ಹೆಸರು, ದೋಣಿಯ ಬಣ್ಣ ಹೇಳುತ್ತಾಳೆ. ಹಿಂದಿನ ರಾತ್ರಿ ಮಗನೊಡನೆ ಜಗಳವಾದದ್ದನ್ನು ಹೇಳುವುದಿಲ್ಲ. ನೆರೆಮನೆಯವಳಿಗೆ ಹೇಳುವಾಗ ಜಗಳ ಬರುತ್ತದೆ, ಆದರೆ ತಪ್ಪು ಮಗನದಾಗುತ್ತದೆ. ಸೊಸೆಗೆ ಹೇಳುವುದಾದರೆ? ಸೊಸೆ ಜಗಳದ ಹೊತ್ತಿನಲ್ಲಿ ಅಲ್ಲೇ ಇದ್ದವಳು. ಅವಳ ಮುಂದೆ ತಾಯಿ ಜಗಳದ ಹೆಸರೆತ್ತದೆ 'ಅವನು ಊಟ ಮಾಡಿ ಹೋಗಿದ್ದನಾ?' ಎಂದು ಕೇಳಬಹುದು. ಆ ಒಂದು ಪ್ರಶ್ನೆಯಲ್ಲಿ ಜಗಳವೂ ಇದೆ, ಪಶ್ಚಾತ್ತಾಪವೂ ಇದೆ, ಸೊಸೆಯ ಮೇಲಿನ ಸಣ್ಣ ಆಕ್ಷೇಪವೂ ಇದೆ. ಧ್ವನಿ ಎಂದು ನಮ್ಮ ಕಾವ್ಯಮೀಮಾಂಸೆ ಕರೆದದ್ದು ಇದನ್ನೇ. ಮೂರು ಕಡೆಯೂ ಹೇಳುವವಳು ಒಬ್ಬಳೇ. ಕೇಳುವವರು ಬದಲಾದಂತೆ ಮೂರು ಬೇರೆ ಕತೆಗಳಾದವು.

ಮೂರನೆಯದನ್ನೇ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಠಾಣೆಯಲ್ಲಿ ಹೇಳಿದ ಒಣ ವಿವರಗಳ ನಡುವೆ, ಯಾರೂ ಕೇಳದಿದ್ದರೂ ಆ ತಾಯಿ 'ಅವನಿಗೆ ಬೆಲ್ಲದ ಗಂಜಿ ಇಷ್ಟ' ಎಂದು ಸೇರಿಸಿಬಿಟ್ಟರೆ, ಅಧಿಕಾರಿ ಬರೆದುಕೊಳ್ಳುವುದನ್ನು ನಿಲ್ಲಿಸಿದರೆ, ಅದೂ ದೊಡ್ಡ ಕತೆಯೇ. ನಿಮ್ಮ ಬಳಿ ಅರ್ಧಕ್ಕೆ ನಿಂತ ಕತೆ ಇದ್ದರೆ, ನಿರೂಪಕನನ್ನು ಹಾಗೆಯೇ ಬಿಟ್ಟು ಅವನ ಎದುರಿಗೆ ಕುಳಿತವರನ್ನು ಬದಲಿಸಿ ನೋಡಿ. ಮೊದಲ ವಾಕ್ಯದ ಕ್ರಿಯಾಪದದಲ್ಲೇ ವ್ಯತ್ಯಾಸ ಕಾಣುತ್ತದೆ: 'ಬಂದ' ಎನ್ನಬೇಕೋ 'ಬಂದರು' ಎನ್ನಬೇಕೋ ಎಂದು ಕನ್ನಡ ನಿಮ್ಮನ್ನು ಅಲ್ಲಿಯೇ ತಡೆದು ಕೇಳುತ್ತದೆ, ಉತ್ತರ ಕೊಡದೆ ಮುಂದಿನ ಸಾಲಿಗೆ ಹೋಗಲಾಗುವುದಿಲ್ಲ.

ನಮಸ್ಕಾರ.