ಭುಜಕ್ಕೆ ಸೂಜಿ: ಎಷ್ಟು ಆಳ, ಯಾವ ಕಡೆಗೆ?

[ದೃಶ್ಯ: ಬಿಳಿ ಬಟ್ಟೆಯ ಮೇಲೆ ಎರಡು ಸೂಜಿ. ಕ್ಯಾಮೆರಾ ತೀರಾ ಹತ್ತಿರ.]

ನಮಸ್ಕಾರ. ಈ ಎರಡು ಸೂಜಿ ನೋಡಿ. ದಪ್ಪಗಿರುವುದು ಜೀನ್ಸ್ ಹೊಲಿಯುವ 16ನೇ ನಂಬರ್ ಸೂಜಿ, 1 ಮಿಲಿಮೀಟರ್ ದಪ್ಪ. ನಮ್ಮ ಬಳ್ಳಾರಿಯಲ್ಲಿ ಇದನ್ನು ನೋಡದವರು ಕಡಿಮೆ. ಪಕ್ಕದಲ್ಲಿರುವುದು ನೋವು ಕಡಿಮೆ ಮಾಡಲು ಮೈಗೆ ಚುಚ್ಚುವ ಅಕ್ಯುಪಂಕ್ಚರ್ ಸೂಜಿ, 0.25 ಮಿಲಿಮೀಟರ್. ಅಂದರೆ ಕಾಲು ಭಾಗ. ಇಷ್ಟು ಸಣ್ಣದು ಏನು ಮಾಡೀತು ಅನಿಸುತ್ತೆ, ಅಲ್ವಾ?

ನನ್ನ ಹತ್ತಿರ ಬರುವವರಲ್ಲಿ ಹೊಲಿಗೆ ಕೆಲಸದವರೇ ಜಾಸ್ತಿ. ದಿನವಿಡೀ ಮಷಿನ್ ಮೇಲೆ ಬಗ್ಗಿ ಕೂತು ಕತ್ತು, ಭುಜ ಕಲ್ಲಾಗಿರುತ್ತವೆ. ಕೌಲ್ ಬಜಾರ್‌ನಿಂದ ಬಂದ ಒಬ್ಬ ಅಣ್ಣ, "ಡಾಕ್ಟ್ರೇ, ಉದ್ದನೆಯ ಸೂಜಿನೇ ಹಾಕಿಬಿಡಿ. ಆಳಕ್ಕೆ ಹೋದ್ರೆ ನೋವು ಬೇಗ ಬಿಡುತ್ತೆ" ಅಂದರು. ಆ ಮಾತಿಗೇ ಈ ವಿಡಿಯೋ.

[ದೃಶ್ಯ: ಕತ್ತಿಗೂ ಭುಜದ ತುದಿಗೂ ನಡುವೆ ಪೆನ್ನಿನ ಗುರುತು.]

ಈ ಜಾಗಕ್ಕೆ ಅಕ್ಯುಪಂಕ್ಚರ್ ಪುಸ್ತಕದಲ್ಲಿ ಜಿಬಿ 21 ಅಂತ ಹೆಸರು. ಭುಜನೋವಿಗೆ ಬಹಳ ಸಲ ಕೈ ಹೋಗುವುದು ಇಲ್ಲಿಗೇ. ಆದರೆ ಇದರ ಕೆಳಗೆ ಶ್ವಾಸಕೋಶದ ತುದಿ ಇದೆ. ಅದು ಕೊರಳ ಬುಡದ ಎಲುಬಿಗಿಂತಲೂ ಸ್ವಲ್ಪ ಮೇಲಕ್ಕೆ ಚಾಚಿಕೊಂಡಿರುತ್ತದೆ. ಸೂಜಿಯನ್ನು ನೇರ ಕೆಳಕ್ಕೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಗಾಳಿ ಸೋರಿ ಎದೆಗೂಡಲ್ಲಿ ತುಂಬಿಕೊಳ್ಳುತ್ತದೆ, ಶ್ವಾಸಕೋಶ ಕುಗ್ಗುತ್ತದೆ. ಇದೇ ನ್ಯೂಮೋಥೊರಾಕ್ಸ್. ಅಪರೂಪ ನಿಜ, ಆದರೆ ಜೀವಕ್ಕೇ ಕುತ್ತು ತರಬಲ್ಲದು.

[ದೃಶ್ಯ: ಹೆಬ್ಬೆರಳು, ತೋರುಬೆರಳಿನಿಂದ ಭುಜದ ಮಾಂಸ ಎತ್ತಿ ಹಿಡಿದ ಕೈ.]

ಆದ್ದರಿಂದ ಮೊದಲು ಮಾಂಸವನ್ನು ಹೀಗೆ ಮೇಲಕ್ಕೆ ಎತ್ತಿ ಹಿಡಿಯಬೇಕು. ಸೂಜಿ ಆ ಹಿಡಿತದೊಳಗೇ, ಹಿಂದಿನ ಕಡೆಗೆ ಓರೆಯಾಗಿ, ಆಳಕ್ಕಿಳಿಯದೆ ಹೋಗಬೇಕು. ಆಳವನ್ನು ಅಳೆಯುವುದು 'ತ್ಸುನ್' ಲೆಕ್ಕದಲ್ಲಿ. 1 ತ್ಸುನ್ ಅಂದರೆ ರೋಗಿಯ ಹೆಬ್ಬೆರಳಿನ ಅಗಲ. ನನ್ನದಲ್ಲ, ಅವರದು! ಸಣಕಲು ಮೈಯವರಿಗೆ ಶ್ವಾಸಕೋಶ ಇನ್ನೂ ಹತ್ತಿರ ಇರುತ್ತದೆ. ಅರ್ಧ ತ್ಸುನ್ ಕೂಡ ಅವರಿಗೆ ಜಾಸ್ತಿ ಆಗಬಹುದು.

ಬೆನ್ನಿಗೂ ಎದೆಗೂ ಇದೇ ಎಚ್ಚರ ಬೇಕು. ಎದೆಯ ನಡುವಿನ ಎಲುಬು ಗಟ್ಟಿ ಇದೆಯಲ್ಲ, ಅಲ್ಲಿ ನೇರ ಚುಚ್ಚಿದರೇನು ಅನ್ನುವವರಿದ್ದಾರೆ. ಕೆಲವರಿಗೆ ಆ ಎಲುಬಿನಲ್ಲಿ ಹುಟ್ಟಿನಿಂದಲೇ ಒಂದು ತೂತು ಇರುತ್ತದೆ. ಹೊರಗಿನಿಂದ ಗೊತ್ತಾಗಲ್ಲ. ಅದರ ಹಿಂದೆಯೇ ಹೃದಯ. ಅಲ್ಲಿ ಸೂಜಿ ಚರ್ಮದಡಿ ಮಲಗಿದಂತೆ ಹೋಗಬೇಕು.

ಸೂಜಿ ಹಾಕಿಸಿಕೊಂಡ ಮೇಲೆ ಎದೆ ಚುಚ್ಚಿದಂತಾದರೆ, ಉಸಿರು ಸಾಲದಂತಾದರೆ ಸುಮ್ನೆ ಮಲಗಬೇಡಿ. ಕೆಲವೊಮ್ಮೆ ಗಂಟೆಗಳ ನಂತರವೂ ಶುರುವಾಗುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡಿದ್ದನ್ನು ಮರೆಯದೆ ಹೇಳಿ.

[ದೃಶ್ಯ: ಸೂಜಿಯ ಪ್ಯಾಕೆಟ್ ಹರಿಯುವ ಕೈ.]

ಇನ್ನು ಶುಚಿ. ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಒಂದು ಸೂಜಿ ಒಂದೇ ಸಲಕ್ಕೆ. ಕೈ ಸೋಪಿನಿಂದ ತೊಳೆದಿರಬೇಕು, ಒಳಗೆ ಹೋಗುವ ಭಾಗವನ್ನು ಬೆರಳು ಮುಟ್ಟಬಾರದು. ಸ್ಪಿರಿಟ್ ಹಚ್ಚಿದ್ದು ಆರುವವರೆಗೆ ಕಾಯಬೇಕು. 1984ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಒಂದೇ ಅಕ್ಯುಪಂಕ್ಚರ್ ಕ್ಲಿನಿಕ್‌ಗೆ ಹೋಗಿದ್ದ 35 ಜನರಿಗೆ ಹೆಪಟೈಟಿಸ್ ಬಿ, ಅಂದರೆ ರಕ್ತದಿಂದ ಹರಡುವ ಲಿವರ್ ಸೋಂಕು, ಬಂದಿತ್ತು. ರಕ್ತ ತೆಳುವಾಗುವ ಮಾತ್ರೆ, ಪೇಸ್‌ಮೇಕರ್, ಬಸಿರು, ಇದ್ದರೆ ಮೊದಲೇ ಹೇಳಿಬಿಡಿ.

ನಮ್ಮೂರಿನ ಬಿಸಿಲಲ್ಲಿ ಇನ್ನೊಂದು ತೊಂದರೆ. ಬೆವರು ಸುರಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆ ಸುತ್ತಿ ಕಣ್ಣು ಕತ್ತಲೆ ಬರುತ್ತದೆ. ಒಂದಿಷ್ಟು ಮಂಡಕ್ಕಿ ಒಗ್ಗರಣೆಯಾದರೂ ತಿಂದು ಬನ್ನಿ. ಮೊದಲ ಸಲದವರನ್ನು ನಾನು ಮಲಗಿಸಿಯೇ ಹಾಕುತ್ತೇನೆ. ತಲೆ ಸುತ್ತಿತು ಅಂದರೆ ಎಲ್ಲ ಸೂಜಿ ತೆಗೆದು ಕಾಲು ಎತ್ತರಕ್ಕಿಡುತ್ತೇನೆ. ಸೂಜಿ ಸಿಕ್ಕಿಕೊಂಡರೆ ಮಾತ್ರ ಎಳೆಯಬಾರದು. ಸುತ್ತ ಮೆಲ್ಲಗೆ ಸವರಿ, ಬಿಗಿತ ಬಿಡುವವರೆಗೆ ಕಾಯಬೇಕು.

ಕಲಿಯುವ ದಿನಗಳಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಬ್ಬ ಅಮ್ಮನ ತಲೆಗೆ ಹಾಕಿದ ಸೂಜಿಯೊಂದನ್ನು ತೆಗೆಯಲು ಮರೆತೆ. ಮನೆಯಲ್ಲಿ ತಲೆ ಬಾಚುವಾಗ ಬಾಚಣಿಗೆಗೆ ಸಿಕ್ಕಿತಂತೆ. ಮರುದಿನ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಕೈಗಿಟ್ಟರು. ಬೈಯಲಿಲ್ಲ. ಅವತ್ತಿನಿಂದ ಹಾಕುವಾಗಲೂ ತೆಗೆಯುವಾಗಲೂ ಜೋರಾಗಿ ಎಣಿಸುತ್ತೇನೆ.

[ದೃಶ್ಯ: ಬಿಳಿ ಡಬ್ಬಿಗೆ ಒಂದೊಂದೇ ಸೂಜಿ ಬೀಳುತ್ತಿದೆ.]

ಕೌಲ್ ಬಜಾರ್‌ನ ಅಣ್ಣನಿಗೆ ಹಾಕಿದ್ದು ಆರು, ಎಲ್ಲವೂ ಗಿಡ್ಡ ಸೂಜಿಗಳೇ. ತೆಗೆಯುವಾಗ ಅವರೂ ಜೊತೆಗೆ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು.