ತುಂಗಭದ್ರೆಯ ಈ ದಡದಲ್ಲಿ ಪರದೆ ಇಳಿಸಬೇಡಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಆಡಿದ ಸ್ವಾತಂತ್ರ್ಯದ ನಾಟಕವೊಂದು 1947ರ ಆಗಸ್ಟ್ 15ಕ್ಕೇ ಮುಗಿದದ್ದು ಸರಿಯಲ್ಲ ಎಂದು ನಮ್ಮ ವಾಹಿನಿಯ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಅದನ್ನು ನೋಡಿದ ಒಬ್ಬರು ಹೀಗೆ ಬರೆದಿದ್ದಾರೆ: ‘ದೇಶಕ್ಕೆ ಇರುವುದು ಒಂದೇ ಸ್ವಾತಂತ್ರ್ಯ ದಿನ. ಕೊಪ್ಪಳಕ್ಕೊಂದು, ಬಳ್ಳಾರಿಗೊಂದು ಎಂದು ಹಂಚಿಕೊಂಡು ಕೂತರೆ ವಿದ್ಯಾರ್ಥಿಗಳು ನಾಟಕವನ್ನೇ ಆಡಬಾರದು.’ ಈ ಮಾತನ್ನು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ವಿಶ್ವವಿದ್ಯಾಲಯವೊಂದರ ನಾಟಕ ವಿದ್ಯಾರ್ಥಿಗಳು ಬ್ರಿಟಿಷರ ಆಳ್ವಿಕೆ ಮತ್ತು ಬಿಡುಗಡೆಯನ್ನು ಕುರಿತ ಹೊಸ ನಾಟಕವೊಂದನ್ನು ಕೊಪ್ಪಳಕ್ಕೆ ತಂದಿದ್ದರು. ಕೊನೆಯ ದೃಶ್ಯದಲ್ಲಿ ಕಂಬಳಿ ಹೊದ್ದ ರೈತನ ಪಾತ್ರ ಮಾಡಿದ ಹುಡುಗ ಲಾಟೀನನ್ನು ನೆಲಕ್ಕಿಟ್ಟು, ಬತ್ತಿಯನ್ನು ಇಳಿಸಿ, ತುಟಿ ಅಲುಗಿಸುತ್ತ ಗಂಟೆ ಎಣಿಸುತ್ತಾನೆ. ಹನ್ನೆರಡನೆಯ ಗಂಟೆ ಬಿದ್ದದ್ದೇ ತಡ ಬತ್ತಿಯನ್ನು ಏರಿಸುತ್ತಾನೆ, ಹಿಂದೆ ಥರ್ಮಾಕೋಲಿನ ಕೆಂಪುಕೋಟೆಯ ಮೇಲೆ ಬೆಳಕು ಬೀಳುತ್ತದೆ, ಬಾವುಟ ಏರುತ್ತದೆ, ಪರದೆ ಇಳಿಯುತ್ತದೆ. ಆ ಹುಡುಗ ಬಹಳ ಚೆನ್ನಾಗಿ ಅಭಿನಯಿಸಿದ. ಅವನ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ನನ್ನ ತಕರಾರು ಇರುವುದು ಪರದೆ ಇಳಿದ ಹೊತ್ತಿನ ಬಗ್ಗೆ. ಆ ರೈತ ನಮ್ಮ ಕೊಪ್ಪಳ ಸೀಮೆಯವನೇ ಆಗಿದ್ದರೆ, 1947ರ ಆಗಸ್ಟ್ 15ರ ರಾತ್ರಿ ಅವನಿಗೆ ಬತ್ತಿ ಏರಿಸುವ ಧೈರ್ಯ ಬರುತ್ತಿರಲಿಲ್ಲ.

ಏಕೆಂದರೆ ಅಂದು ಕೊಪ್ಪಳ ಮತ್ತು ರಾಯಚೂರು ಹೈದರಾಬಾದಿನ ನಿಜಾಮರ ಕೈಯಲ್ಲಿದ್ದವು. ತುಂಗಭದ್ರೆಯ ಆಚೆ ದಡದ ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರಿಂದ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಅಲ್ಲಿಗೆ ಸ್ವಾತಂತ್ರ್ಯ ಸರಿಯಾದ ಹೊತ್ತಿಗೇ ಬಂತು. ಈಚೆ ದಡಕ್ಕೆ ಬಂದದ್ದು ಭಾರತ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ಗೆ ನಿಜಾಮರು ಮಣಿದ 1948ರ ಸೆಪ್ಟೆಂಬರ್ 17ರಂದು. ನಡುವೆ 399 ದಿನಗಳು. ಒಂದೇ ನದಿ, ಒಂದೇ ಜೋಳದ ರೊಟ್ಟಿ, ಒಂದೇ ಭಾಷೆ. ಆದರೆ 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕುವಾಗಲೂ ಆಚೆ ದಡದಲ್ಲಿ ಮದ್ರಾಸಿನವರದೊಂದು, ಈಚೆ ದಡದಲ್ಲಿ ಹೈದರಾಬಾದಿನವರದೊಂದು ಎಂದು ಎರಡು ಕಲ್ಲು ಬೇಕಾದವು. ಇಂಥ ನೆಲಕ್ಕೆ ಬಂದು, ನಮ್ಮ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಆಗಸ್ಟ್ 15ರ ಮಧ್ಯರಾತ್ರಿಗೆ ಪರದೆ ಇಳಿಸಬೇಡಿ. ನಾನು ಹೇಳುತ್ತಿರುವುದು ಇಷ್ಟೇ.

ನಮ್ಮ ಅಜ್ಜಿ ಈ ದಿನಗಳ ಬಗ್ಗೆ ಹೆಚ್ಚು ಮಾತನಾಡುತ್ತಿರಲಿಲ್ಲ. ಕೇಳಿದಾಗ ಒಂದೇ ಮಾತು ಹೇಳುತ್ತಿದ್ದಳು: ‘ಆಚಿ ದಂಡಿಗೆ ಸ್ವಾತಂತ್ರ್ಯ ಬಂದಿತ್ತಪ್ಪಾ, ಈಚಿ ದಂಡ್ಯಾಗ ನಾವು ದೀಪಾ ಆರಿಸ್ಕೊಂಡು ಕುಂದರ್ತಿದ್ವಿ.’ ನಿಜಾಮರ ಪರವಾಗಿ ನಿಂತ ಖಾಸಗಿ ಪಡೆಯಾದ ರಜಾಕಾರರು ಬರುತ್ತಾರೆಂಬ ಸುದ್ದಿ ಬಂದಾಗ ಮನೆಯವರು ಬಂಗಾರವನ್ನು ಜೋಳದ ಚೀಲದಲ್ಲಿ ಹುದುಗಿಸಿಟ್ಟು, ಹರಿಗೋಲಿನಲ್ಲಿ ಹೊಳೆ ದಾಟಿ ಬಳ್ಳಾರಿ ಸೀಮೆಯ ನೆಂಟರ ಮನೆ ಸೇರಿದ್ದರಂತೆ. ಸ್ವತಂತ್ರ ದೇಶಕ್ಕೆ ಹರಿಗೋಲಿನಲ್ಲಿ ಹೋದವರು ಇವರು. ನಾಟಕಕ್ಕೆ ಇದಕ್ಕಿಂತ ದೊಡ್ಡ ದೃಶ್ಯ ಇನ್ನೇನು ಬೇಕು? ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದಲ್ಲಿ ಗಡಿ ಶಿಬಿರ ಕಟ್ಟಿ ನಿಜಾಮರ ಆಳ್ವಿಕೆಯ ವಿರುದ್ಧ ಹೋರಾಡಿದ್ದು ಇದೇ 399 ದಿನಗಳಲ್ಲಿ. ಆ ಶಿಬಿರಗಳ ಬಗ್ಗೆ ನಮ್ಮ ವಾಹಿನಿಯಲ್ಲಿ ಎರಡು ಸಂಚಿಕೆಗಳಿವೆ, ದಯವಿಟ್ಟು ನೋಡಿ. ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ, ಈ ಕೆಲಸ ನಿಮ್ಮ ಬೆಂಬಲದಿಂದಲೇ ನಡೆಯುತ್ತಿದೆ.

ಎರಡು ಗಂಟೆಯ ನಾಟಕದಲ್ಲಿ ಎಲ್ಲವನ್ನೂ ತರಲು ಸಾಧ್ಯವೇ ಎಂದು ಕೆಲವರು ಕೇಳಿದ್ದಾರೆ. ಮೀರತ್ತಿನ ಸಿಪಾಯಿಗಳಿಗೆ ಇಪ್ಪತ್ತು ನಿಮಿಷ ಸಿಗುತ್ತದೆ, 1858ರಲ್ಲಿ ಇದೇ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರೊಡನೆ ಕಾದಾಡಿ ಮಡಿದ ಮುಂಡರಗಿ ಭೀಮರಾಯನಿಗೆ ಎರಡು ನಿಮಿಷವೂ ಸಿಗುವುದಿಲ್ಲ ಎಂದರೆ, ಸಮಯದ ಕೊರತೆಯ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಕೆಲವರ ಆಕ್ಷೇಪಣೆ, ರಜಾಕಾರರ ಕಥೆ ಎತ್ತಿದರೆ ಕೋಮುಭಾವನೆ ಕೆರಳುತ್ತದೆ ಎಂಬುದು. ಕಥೆಯನ್ನು ಅರ್ಧ ಹೇಳಿದರೆ ಖಂಡಿತ ಕೆರಳುತ್ತದೆ, ಪೂರ್ತಿ ಹೇಳಿ. ರಜಾಕಾರರ ವಿರುದ್ಧ ಬರೆದದ್ದಕ್ಕಾಗಿ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದ ಪತ್ರಕರ್ತ ಶೋಯಬುಲ್ಲಾ ಖಾನ್, ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕರು. ಅವರನ್ನು ರಂಗದ ಮೇಲೆ ತನ್ನಿ. ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನದ ಹಳ್ಳಿಗಳಲ್ಲಿ ಅಮಾಯಕ ಮುಸ್ಲಿಮರು ಪಟ್ಟ ಪಾಡನ್ನು ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ದಾಖಲಿಸಿದೆ, ಅದನ್ನೂ ತನ್ನಿ. ವಿಮೋಚನೆಯ ಬೆಳಗಿನಲ್ಲಿ ಯಾರ ಮನೆಯಲ್ಲಿ ಹಬ್ಬವಾಯಿತು, ಯಾರ ಮನೆಯ ಬಾಗಿಲು ಮುಚ್ಚಿತು ಎಂದು ಕೇಳುವ ಧೈರ್ಯ ವಿಶ್ವವಿದ್ಯಾಲಯದ ರಂಗಕ್ಕೆ ಇಲ್ಲದಿದ್ದರೆ ಇನ್ನಾವ ರಂಗಕ್ಕೆ ಇರಬೇಕು? ಹೆದರಿ ಪರದೆ ಇಳಿಸಬೇಡಿ.

ಆಚೆ ದಡದವರಿಗೂ ಒಂದು ಮಾತು. ಬಳ್ಳಾರಿಯ ಕಥೆಯೂ ಆ ಮಧ್ಯರಾತ್ರಿಗೆ ಮುಗಿಯಲಿಲ್ಲ. ಅದು ಮೈಸೂರು ರಾಜ್ಯಕ್ಕೆ ಸೇರಲು 1953ರ ಅಕ್ಟೋಬರ್ 1 ಬರಬೇಕಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ ಕೈಬಿಟ್ಟು ಹೋದವು. ಹುಟ್ಟಿನಿಂದಲೇ ಕಳ್ಳರೆಂದು ಕೆಲವು ಸಮುದಾಯಗಳಿಗೆ ಹಣೆಪಟ್ಟಿ ಹಚ್ಚಿದ 1871ರ ಕಾನೂನಿನ ಪರಂಪರೆ ದೇಶದಾದ್ಯಂತ ರದ್ದಾಗಲು 1952 ಬರಬೇಕಾಯಿತು. ಅಷ್ಟೇಕೆ, ನಾಟಕಗಳ ಬಾಯಿ ಕಟ್ಟಲು ಬ್ರಿಟಿಷರು 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯ್ದೆ ಸ್ವಾತಂತ್ರ್ಯ ಬಂದು 70 ವರ್ಷವಾದ ಮೇಲೂ ಕಡತದಲ್ಲಿ ಉಳಿದಿತ್ತು, ಅದನ್ನು ತೆಗೆದದ್ದು 2018ರಲ್ಲಿ. ನಾಟಕ ಕಲಿಯುವ ವಿದ್ಯಾರ್ಥಿಗಳು ತಮ್ಮ ರಂಗಕ್ಕೇ ಬಿಡುಗಡೆ ಎಂದು ಸಿಕ್ಕಿತು ಎಂಬುದನ್ನು ನಾಟಕದಲ್ಲಿ ಹೇಳದೆ, ದೆಹಲಿಯ ಗಂಟೆಯನ್ನು ಹನ್ನೆರಡು ಸಲ ಬಾರಿಸಿ ಕೈಮುಗಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಳ್ಳಾರಿ ರಾಘವರಂಥ ನಟರು ಬಾಳಿದ ಸೀಮೆ ಇದು!

ದೇಶ ಒಡೆಯುವ ಮಾತು ಇದು ಎನ್ನುವವರು ಎನ್ನಲಿ. ಅವರಿಗೆ ಇನ್ನೊಂದು ಕಾರಣ ಹುಡುಕಿ ಕೊಡಲು ನಾನು ಹೋಗುವುದಿಲ್ಲ. ನಮ್ಮ ಅಜ್ಜಿ ಕತ್ತಲಲ್ಲಿ ಕೂತಿದ್ದಳು, ನೀವು ಬೆಳಕಾಯಿತು ಎಂದು ಪರದೆ ಇಳಿಸಿದಿರಿ. ನನಗೆ ಇಷ್ಟೇ ಕಾರಣ ಸಾಕು. ಮುಂದಿನ ಪ್ರದರ್ಶನ ರಾಯಚೂರಿನಲ್ಲಿ ಎಂದು ಕೇಳಿದ್ದೇನೆ. ಅಲ್ಲಿ ಹನ್ನೆರಡನೆಯ ಗಂಟೆ ಬಿದ್ದ ಮೇಲೂ ಆ ಹುಡುಗ ಬತ್ತಿ ಏರಿಸದೆ, ಲಾಟೀನನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಎದ್ದು, ಹೊಳೆಯ ಕಡೆಗೆ ನಡೆಯಲಿ. ಅಂದು ಮೊದಲ ಸಾಲಿನಲ್ಲಿ ನಾನೂ ಇರುತ್ತೇನೆ.