ಅಳೆಯಲು ಹೋದ ಮೀಟರ್

ಕೇಳುಗರಿಗೆ ನಮಸ್ಕಾರ.

ವೋಲ್ಟ್, ಕರೆಂಟ್ ಎಲ್ಲವನ್ನೂ ಒಂದರಲ್ಲೇ ಅಳೆಯುವ ಮಲ್ಟಿಮೀಟರ್ ಕೊಂಡ ಹೊಸದರಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಹಿಂದಿನ ದಿನ ಒಂದು ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತೆ ಅಂತ ನೋಡಿದ್ದೆ, ಕೆಂಪು ವೈರು 10 ಆಂಪ್ ತೂತಿನಲ್ಲೇ ಉಳಿದುಬಿಟ್ಟಿತ್ತು. ಮಾರನೇ ದಿನ ಡಯಲನ್ನು ಮಾತ್ರ ವೋಲ್ಟಿಗೆ ತಿರುಗಿಸಿ, ಎರಡೂ ಮೊನೆಗಳನ್ನು ಗೋಡೆಯ ಸಾಕೆಟ್ಟಿಗೆ ತೂರಿಸಿದೆ. ಚಟ್ ಅಂತ ಕಿಡಿ! ಮೊನೆ ಕಪ್ಪಾಯಿತು, ಮೀಟರಿನ ಫ್ಯೂಸ್ ಹೋಯಿತು. ಒಳಗೆ ಫ್ಯೂಸ್ ಇದ್ದದ್ದು ನನ್ನ ಪುಣ್ಯ.

ಯಾಕೆ ಹೀಗಾಯ್ತು? ಕರೆಂಟ್ ಅಳೆಯಬೇಕಾದರೆ ಅದು ಮೀಟರಿನೊಳಗೇ ಹರಿದು ಹೋಗಬೇಕು. ಹರಿಯುವುದಕ್ಕೆ ಅಡ್ಡಿಯಾಗಬಾರದು ಅಂತ ಅಲ್ಲಿ ರೆಸಿಸ್ಟೆನ್ಸ್ ಒಂದು ಓಮಿಗಿಂತ ಎಷ್ಟೋ ಕಡಿಮೆ ಇಟ್ಟಿರುತ್ತಾರೆ. ಅಂದರೆ ನಾನು ಸಾಕೆಟ್ಟಿಗೆ ಸುಮ್ನೆ ಒಂದು ತಂತಿಯ ತುಂಡು ಸಿಕ್ಕಿಸಿದ ಹಾಗೆ, ಅಲ್ವಾ?

ವೋಲ್ಟ್‌ಮೀಟರ್ ಇದಕ್ಕೆ ತದ್ವಿರುದ್ಧ. ಅದು ಪಕ್ಕದಲ್ಲಿ ನಿಂತು ನೋಡುವಂಥದ್ದು, ತಾನು ಕರೆಂಟ್ ಕುಡಿಯಬಾರದು. ಆದರೂ ಚೂರು ಕುಡಿಯುತ್ತೆ. 9 ವೋಲ್ಟ್ ಬ್ಯಾಟರಿಗೆ 1 ಮೆಗಾಓಮಿನ, ಅಂದರೆ ಹತ್ತು ಲಕ್ಷ ಓಮಿನ, ಎರಡು ರೆಸಿಸ್ಟರ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಒಂದರ ಮೇಲೆ ಅಳೆದು ನೋಡಿ. ಲೆಕ್ಕದ ಪ್ರಕಾರ 4.5 ವೋಲ್ಟ್ ಬರಬೇಕು. ತನ್ನೊಳಗೆ 10 ಮೆಗಾಓಮ್ ರೆಸಿಸ್ಟೆನ್ಸ್ ಇರುವ ಡಿಜಿಟಲ್ ಮೀಟರ್ 4.3 ತೋರಿಸುತ್ತೆ. ಹಳೇ ಮುಳ್ಳಿನ ಮೀಟರ್, ಅಂದರೆ ರೇಂಜಿನ ಪ್ರತಿ ವೋಲ್ಟಿಗೆ 20,000 ಓಮಿನದು, 10 ವೋಲ್ಟ್ ರೇಂಜಿನಲ್ಲಿ ಒಟ್ಟು ಬರೀ 2 ಲಕ್ಷ ಓಮ್ ಆಗಿ, 1.3ರ ಹತ್ತಿರ ನಿಂತುಬಿಡುತ್ತೆ! ಎರಡೂ ಸುಳ್ಳು ಹೇಳುತ್ತಿಲ್ಲ. ಮೀಟರ್ ಇಟ್ಟ ಮೇಲೆ ಅಲ್ಲಿ ನಿಜವಾಗಲೂ ಅಷ್ಟೇ ವೋಲ್ಟ್ ಇರುತ್ತೆ, ಯಾಕಂದರೆ ಮೀಟರೂ ಈಗ ಆ ಸರ್ಕ್ಯೂಟಿನದೇ ಒಂದು ಭಾಗ.

ಹಾಗಂತ ಡಿಜಿಟಲ್ಲೇ ಯಾವಾಗಲೂ ಮೇಲು ಅನ್ನಬೇಡಿ. ಎಲ್ಲಿಗೂ ಜೋಡಿಸದ ಒಂದು ವೈರು, ಕರೆಂಟ್ ಇರುವ ವೈರಿನ ಪಕ್ಕದಲ್ಲೇ ಉದ್ದಕ್ಕೂ ಓಡಿದ್ದರೆ, ಡಿಜಿಟಲ್ ಮೀಟರ್ ಅದರಲ್ಲಿ ಹತ್ತಾರು ವೋಲ್ಟ್ ತೋರಿಸಿ ಹೆದರಿಸುತ್ತೆ. ಒಂದು ಟೆಸ್ಟ್ ಲ್ಯಾಂಪ್ ಹಚ್ಚಲು ನೋಡಿ, ಹತ್ತುವುದೇ ಇಲ್ಲ.

ವೈರು ಮುಟ್ಟದೆ, ಕತ್ತರಿಸದೆ ಕರೆಂಟ್ ನೋಡಲು ಕ್ಲ್ಯಾಂಪ್ ಮೀಟರ್ ಇದೆ. ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು ಅದು ಹಿಡಿಯುತ್ತೆ. 1820ರಲ್ಲಿ ವಿಜ್ಞಾನಿ ಓರ್ಸ್ಟೆಡ್ ಕಂಡದ್ದು ಇದನ್ನೇ, ತಂತಿಯಲ್ಲಿ ಕರೆಂಟ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿತ್ತು. ಆದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯಿಗೆ ಕೊಟ್ಟರೆ, ಹೋದದ್ದು ಬಂದದ್ದು ವಜಾ ಆಗಿ, ಎಂಥಾ ಹೀಟರ್ ಉರಿಯುತ್ತಿದ್ದರೂ ಸೊನ್ನೆ. ಸೊನ್ನೆ ಬರದೆ ಏನಾದರೂ ಅಂಕಿ ಬಂತು ಅನ್ನಿ, ಕರೆಂಟ್ ಬೇರೆಲ್ಲೋ ಸೋರುತ್ತಿದೆ.